ಇವರಿಂದ ಸಪ್ರೇಮ ಕಾಣಿಕೆ

ಬೈಲಹೊಂಗಲದಲ್ಲಿ ನೀವು ಯಾರ ಅಡುಗೆಮನೆಗೆ ಹೋದರೂ ಯಮನಪ್ಪ ಕಡಕೋಳನ ಬರವಣಿಗೆ ಓದಲು ಸಿಗುತ್ತದೆ. ಕೊಡದ ಕಂಠದ ಮೇಲೆ, ಪರಾತದ ಅಂಚಿನಲ್ಲಿ, ತಂಬಿಗೆಯ ಹೊಟ್ಟೆಯ ಮೇಲೆ. ಮದುವೆಗೆ ಕೊಡುವ ಭಾಂಡೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಹೆಸರಿಲ್ಲದ ಕೊಡ ಕೊಟ್ಟರೆ ಕೊಟ್ಟಂತೆಯೇ ಅಲ್ಲ. ಯಮನಪ್ಪ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕೊಡವನ್ನು ಎರಡು ಮೊಣಕಾಲಿನ ನಡುವೆ ಕೂಸಿನಂತೆ ಹಿಡಿದು ಮಷಿನ್ ಚಾಲೂ ಮಾಡಿದನೆಂದರೆ ಎರಡು ನಿಮಿಷದಲ್ಲಿ ಊರು, ಹೆಸರು, ಅಡ್ಡಹೆಸರು, ‘ಇವರಿಂದ ಸಪ್ರೇಮ ಕಾಣಿಕೆ’ ಎಲ್ಲ ಮುಗಿಯುತ್ತದೆ. ಕೊನೆಗೆ ಆರು ಎಸಳಿನ ಒಂದು ಹೂವು, ಎರಡು ಎಲೆ. ಹೂವು ಅವನ ಖುಷಿಗೆ. ಗಿರಾಕಿ ಬೇಡ ಅಂದರೂ ಬಿಡಿಸುತ್ತಾನೆ.

ನನ್ನದು ಪಕ್ಕದ ಝೆರಾಕ್ಸ್ ಅಂಗಡಿ. ನಮ್ಮ ಮುತ್ತಜ್ಜ ತಾಳೆಗರಿಯ ಮೇಲೆ ಬರೆಯುತ್ತಿದ್ದರಂತೆ, ಅಜ್ಜ ಪಂಚಾಂಗ ಬರೆದರು, ಅಪ್ಪ ಕಚೇರಿಯ ಮುಂದೆ ಕುಳಿತು ಮಂದಿಯ ಅರ್ಜಿ ಬರೆದರು. ನಾನು ಆಧಾರ್ ಕಾರ್ಡಿನ ಎರಡೂ ಮಗ್ಗುಲನ್ನು ಒಂದೇ ಹಾಳೆಯ ಮೇಲೆ ತೆಗೆಯುತ್ತೇನೆ. ವಿದ್ವಾಂಸರ ಮನೆತನ ಹೀಗೆ ಒಂದೊಂದೇ ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದು ನಿಂತಿದೆ. ಆಗೀಗ ನಾಲ್ಕು ಸಾಲು ಗೀಚಿ ಪತ್ರಿಕೆಗೆ ಕಳಿಸುವುದೂ ಉಂಟು. ಅಚ್ಚಾದ ಮರುದಿನ ಎದುರಿನ ಗಾಡಿಯವ ಅದರಲ್ಲಿ ಮಿರ್ಚಿ ಭಜಿ ಕಟ್ಟಿಕೊಡುತ್ತಾನೆ. ಯಮನಪ್ಪನ ಬರಹವನ್ನಾದರೋ ಊರಿನ ಹೆಣ್ಣುಮಕ್ಕಳು ಮೂವತ್ತಾರು ವರ್ಷದಿಂದ ಬೂದಿ ಹಚ್ಚಿ ತಿಕ್ಕುತ್ತಿದ್ದಾರೆ, ಒಂದು ಒತ್ತಕ್ಷರ ಅಳಿಸಿಲ್ಲ. ನನ್ನ ಹೆಸರು ತ್ರ್ಯಂಬಕ. ಬ್ಯಾಂಕಿನವರೂ ಮತದಾರರ ಪಟ್ಟಿಯವರೂ ಅದನ್ನು ನಾನಾ ಬಗೆಯಲ್ಲಿ ಮುರಿದಿದ್ದಾರೆ. ನಾನು ಮದುವೆಗಳಿಗೆ ಕೊಟ್ಟ ಕೊಡದ ಮೇಲೆ ಅದನ್ನು ಸರಿಯಾಗಿ ಕೊರೆದವನು ಯಮನಪ್ಪ ಒಬ್ಬನೇ. ಕರೆಯುವಾಗ ಮಾತ್ರ ಅವನೂ ‘ತಿರಂಬಕರಾಯರ’ ಅನ್ನುತ್ತಾನೆ.

ಇಂಥ ಮನುಷ್ಯನಲ್ಲಿ ಒಂದು ವಿಚಿತ್ರವಿತ್ತು. ಹಳೆಯ ಕಲ್ಲು, ಹಳೆಯ ಗೋಡೆ ಅಂದರೆ ಅವನಿಗೆ ಎಲ್ಲಿಲ್ಲದ ಕಾಳಜಿ. ಒಮ್ಮೆ ಕಿತ್ತೂರಿನ ಕೋಟೆಯಲ್ಲಿ ಒಬ್ಬ ಹುಡುಗ ತನ್ನ ಹೆಸರು, ಒಂದು ಬಾಣ, ಒಂದು ಹೃದಯ ಬರೆದು, ಹುಡುಗಿಯ ಹೆಸರಿಗೆ ಕೈಹಾಕಿದ್ದ. ಯಮನಪ್ಪ ಅವನ ಕೈಯಿಂದ ಇದ್ದಿಲು ಕಸಿದುಕೊಂಡು, ಅವನದೇ ಕರವಸ್ತ್ರದಿಂದ ಎಲ್ಲವನ್ನೂ ಒರೆಸಿಸಿದ. ಹುಡುಗಿ ಅಷ್ಟರಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿದ್ದಳು. ಮನೆಯಲ್ಲಿ ಮಗಳು ಉಮಾಶ್ರೀ ಸಾಲಿಯ ಬೆಂಚಿನ ಮೇಲೆ ಹೆಸರು ಕೆತ್ತಿದಳೆಂದು ಅವಳನ್ನು ಕರೆದುಕೊಂಡು ಹೋಗಿ ಹೆಡ್ ಮಾಸ್ತರರ ಕಾಲಿಗೆ ಬೀಳಿಸಿದ್ದ. ಇಷ್ಟೆಲ್ಲ ಮಾಡುವವನು ಬಾದಾಮಿಗೆ ಮಾತ್ರ ಹೋಗುತ್ತಿರಲಿಲ್ಲ. ಸವದತ್ತಿ, ಗೋಕರ್ಣ, ಪಂಢರಪುರ ಎಲ್ಲ ಆಗಿತ್ತು. ಬಾದಾಮಿ ಅಂದರೆ ಅವನಿಗೆ ಮೊಣಕಾಲು ನೋಯುತ್ತಿತ್ತು.

ಕಷ್ಟ ಬಂದದ್ದು ಮಗಳಿಂದ. ಉಮಾಶ್ರೀ ಧಾರವಾಡದಲ್ಲಿ ಇತಿಹಾಸ ಓದಿ, ತರಬೇತಿ ಮುಗಿಸಿ, ಎರಡು ವರ್ಷದಿಂದ ಬಾದಾಮಿಯಲ್ಲೇ ಕೋಣೆ ಹಿಡಿದು ಗೈಡ್ ಆಗಿದ್ದಳು. ಅಪ್ಪ ಒಂದು ಸಲವೂ ಬಂದು ತನ್ನ ಮಾತು ಕೇಳಲಿಲ್ಲವೆಂದು ಅವಳಿಗೆ ಕೊರಗು. ಅವನು ಮದುವೆಯ ದಿನಗಳಲ್ಲಿ ಕೆಲಸ ಐತಿ ಅನ್ನುತ್ತಿದ್ದ, ಮದುವೆಯಿಲ್ಲದ ದಿನಗಳಲ್ಲಿ ಮಷಿನ್ ಕೆಟ್ಟೈತಿ ಅನ್ನುತ್ತಿದ್ದ. ಕಡೆಗೆ ನಾವು ಓಣಿಯ ಹನ್ನೆರಡು ಮಂದಿ ಅವಳ ಕಡೆಯೇ ಪ್ರವಾಸ ಹೋಗುವುದೆಂದು ನಿಶ್ಚಯವಾದಾಗ ಅವಳು ಅಪ್ಪನಿಗೆ ಫೋನ್ ಮಾಡಿದಳಂತೆ: “ನನ್ನೂರಿನ ಮಂದಿ ಮೊದಲನೇ ಸಲ ಬರಾಕತ್ತಾರ. ನೀ ಬರಲಿಲ್ಲಂದ್ರ ಅವರಿಗೆ ಏನ್ ಹೇಳ್ಲಿ? ಕಲ್ಲಿನ ಮ್ಯಾಲೆ ಪ್ರೀತಿ ಕಲಿಸಿದಾವ ನಮ್ಮಪ್ಪನಽ ಅಂತ ದಿನಾ ಹೇಳತೇನಿ ನಾ.”

ಆ ಸಂಜೆ ಯಮನಪ್ಪ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ. ಚಹಾ ತರಿಸಿದೆ. ಅದನ್ನು ಬದಿಗಿಟ್ಟು ತನ್ನ ಹದಿನೇಳನೆಯ ವಯಸ್ಸಿನ ಕತೆ ಹೇಳಿದ.

ಆಗ ಅವನು ತನ್ನೂರು ದೊಡವಾಡದಿಂದ ಬಂದು ಕೆಲಸಕ್ಕೆ ಸೇರಿ ಒಂದು ವರ್ಷ. ಮಷಿನ್ ಇರಲಿಲ್ಲ, ಉಳಿ ಮತ್ತು ಸಣ್ಣ ಸುತ್ತಿಗೆ. ಅಂಗಡಿಯ ಧಣಿ ಆಳುಗಳನ್ನೆಲ್ಲ ಲಾರಿಯಲ್ಲಿ ಬಾದಾಮಿಯ ಕಡೆ ಕರೆದುಕೊಂಡು ಹೋಗಿದ್ದರು. ಅಲ್ಲೊಂದು ಗುಡಿಯಲ್ಲಿ ಜೊತೆಗಾರರು ಮೊಳೆಯಿಂದ ಗೋಡೆಯ ಮೇಲೆ ಹೆಸರು ಗೀಚತೊಡಗಿದರು. ಯಾವ ಗುಡಿ ಎಂದು ನಾನು ಹೇಳುವುದಿಲ್ಲ, ನೀವು ಹುಡುಕಿಕೊಂಡು ಹೋಗುತ್ತೀರಿ. ಯಮನಪ್ಪನಿಗೆ ಬರೆಯುವ ಆಸೆ ಇರಲಿಲ್ಲವಂತೆ. ಆದರೆ ಅವರ ಅಕ್ಷರ ನೋಡಿ ತಡೆದುಕೊಳ್ಳಲಾಗಲಿಲ್ಲ. ಒಬ್ಬನ ಸಾಲು ಗುಡ್ಡ ಹತ್ತಿದೆ, ಇನ್ನೊಬ್ಬನದು ಇಳಿದಿದೆ. ಬೇರೆಯವರು ಕಿಸೆಯಲ್ಲಿ ಹಣಿಗೆ ಇಟ್ಟುಕೊಂಡಂತೆ ಅವನ ಕಿಸೆಯಲ್ಲಿ ಉಳಿ ಇತ್ತು. ತೆಗೆದ.

“ಊರು ಹೆಸರು ಬರದು ನಿಲ್ಲಸ್ಬೇಕಂತ ಇದ್ದೆ ರಾಯರ,” ಅಂದ. “ಕೈ ನಿಲ್ಲಲಿಲ್ಲ.”

ಕೈ ನಿಲ್ಲದೆ, ರೂಢಿಯ ಪ್ರಕಾರ, ಸಾವಿರದ ಮುನ್ನೂರು ವರ್ಷ ಹಳೆಯ ಗುಡಿಯ ಗೋಡೆಯ ಮೇಲೆ, ಮುತ್ತಿನಂಥ ಅಕ್ಷರದಲ್ಲಿ ಬರೆದದ್ದು: ‘ದೊಡವಾಡದ ಶ್ರೀ ಯಮನಪ್ಪ ಕಡಕೋಳ ಇವರಿಂದ ಸಪ್ರೇಮ ಕಾಣಿಕೆ’. ಮುಂದೆ ಆರು ಎಸಳಿನ ಹೂವು, ಎರಡು ಎಲೆ.

ನಾನು ನಕ್ಕ ರಭಸಕ್ಕೆ ಚಹಾ ಯಾರದೋ ಜಾತಿ ಪ್ರಮಾಣಪತ್ರದ ಮೇಲೆ ಚೆಲ್ಲಿತು. ಯಮನಪ್ಪ ನಗಲಿಲ್ಲ. ಮನೆಗೆ ಬಂದ ಮೇಲೆ ಅದು ಎಂಥ ತಪ್ಪೆಂದು ತಿಳಿದು, ಅಂದಿನಿಂದ ಆ ದಾರಿಯನ್ನೇ ತುಳಿದಿರಲಿಲ್ಲ. ಕಿತ್ತೂರಿನ ಹುಡುಗ ಯಾರ ತಪ್ಪಿಗೆ ಗೋಡೆ ಒರೆಸಿದನೆಂದು ನನಗೆ ಆಗ ಗೊತ್ತಾಯಿತು. ಎರಡು ವರ್ಷದಲ್ಲಿ ಉಮಾಶ್ರೀ ನೋಡಿರಬೇಕಲ್ಲ ಅಂದೆ. ಅದು ಬಾಗಿಲ ಹಿಂದಿನ ಕತ್ತಲೆಯ ಮೂಲೆ, ಅಲ್ಲಿ ನೂರಾರು ಹೆಸರಿವೆ, ನೋಡಿದ್ದರೆ ಆ ಕ್ಷಣವೇ ಫೋನ್ ಬರುತ್ತಿತ್ತು ಅಂದ.

“ಉಮಿ ಅದನ್ನ ನೋಡಬಾರ್ದ್ರಿ. ಆಕೀ ಕಣ್ಣಾಗರ ನಾ ಒಬ್ಬ ಶಾಣ್ಯಾ ಮನಶಾ ಅದೇನಿ.”

ಅವನು ಅಲ್ಲಿ ಗೋಡೆಗೆ ಅಡ್ಡ ನಿಲ್ಲುವುದು, ನಾನು ಮಂದಿಯನ್ನು ಮಾತಿನಲ್ಲಿ ಬೇರೆ ಕಡೆ ಎಳೆಯುವುದು ಎಂದು ನಿರ್ಧಾರವಾಯಿತು. ನನ್ನ ಮಾತಿನ ಮೇಲೆ ಅವನಿಗೆ ಭರವಸೆ ಇತ್ತು. ನನ್ನ ಹೆಂಡತಿ ಶರ್ವರಿಯನ್ನು ಕೇಳಿದ್ದರೆ ಇಡುತ್ತಿರಲಿಲ್ಲ.

ಬಾಳು ಎಂಬವನ ಬಾಡಿಗೆ ಕ್ರೂಸರ್‌ನಲ್ಲಿ ಬೆಳಿಗ್ಗೆ ಆರಕ್ಕೆ ಹೊರಟೆವು. ಯರಗಟ್ಟಿಯಲ್ಲಿ ಚಹಾ, ರಾಮದುರ್ಗದಲ್ಲಿ ಮತ್ತೆ ಚಹಾ. ಯಮನಪ್ಪನ ದೊಡ್ಡಪ್ಪನ ಮಗಳು ರಾಯವ್ವ, ದೊಡವಾಡದಿಂದ ನಮ್ಮ ಓಣಿಗೆ ಬಂದವಳು, ಎಪ್ಪತ್ತು ದಾಟಿದ ಹೆಂಗಸು, ಸೀಟಿನ ತುಂಬ ಕುಳಿತು ಎಲ್ಲರ ಬುತ್ತಿಯ ವಿಚಾರಣೆ ಮಾಡುತ್ತಿದ್ದಳು. ಅವಳ ಚೀಲದಲ್ಲಿ ಉಡಿ ತುಂಬುವ ಸಾಮಾನು, ಒಂದು ಬಾಟಲಿ ಎಣ್ಣೆ ಇತ್ತು. ದೇವರ ಮೂರ್ತಿ ಕಂಡಲ್ಲಿ ಉಡಿ ತುಂಬದೆ ಬಂದ ದಾಖಲೆ ಅವಳ ಆಯುಷ್ಯದಲ್ಲಿಲ್ಲ.

ಬಾದಾಮಿಯಲ್ಲಿ ಉಮಾಶ್ರೀ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕಾಯುತ್ತಿದ್ದಳು. ಅಪ್ಪನನ್ನು ಕಂಡು ಮುಖ ಅರಳಿತು, ಆದರೆ ಡ್ಯೂಟಿಯ ಮೇಲಿದ್ದುದರಿಂದ ಅವನನ್ನೂ ಎಲ್ಲರ ಸಾಲಿನಲ್ಲೇ ನಿಲ್ಲಿಸಿ ಕಾನೂನು ಹೇಳಿದಳು. ಮೂರ್ತಿ ಮುಟ್ಟುವ ಹಾಗಿಲ್ಲ, ಕಂಬಕ್ಕೆ ಒರಗುವ ಹಾಗಿಲ್ಲ, ಮಂಗಗಳಿಗೆ ತಿನ್ನಲು ಕೊಡುವ ಹಾಗಿಲ್ಲ, ಕಲ್ಲಿನ ಚೂರು ಸಹ ಒಯ್ಯುವ ಹಾಗಿಲ್ಲ. ಒಂದು ಗೋಣಿಚೀಲ ತೋರಿಸಿ, ನಮ್ಮ ಹನ್ನೆರಡು ಮಂದಿಯ ಕಸವೆಲ್ಲ ಇದರಲ್ಲಿ, ಯಾರು ಕಾನೂನು ಮುರಿಯುತ್ತಾರೋ ಇದನ್ನು ಅವರೇ ಹೊರಬೇಕು ಅಂದಳು.

ಹತ್ತು ನಿಮಿಷದಲ್ಲಿ ಚೀಲ ನನ್ನ ಹೆಗಲಿಗೆ ಬಂತು. ಮೊದಲನೆಯ ಗವಿಯ ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ನಾನು ಕಂಬಕ್ಕೆ ಕೈ ಊರಿದ್ದೆ. ಶರ್ವರಿ ಸಂತೋಷದಿಂದ ತನ್ನ ಬಾಳೆಹಣ್ಣಿನ ಸಿಪ್ಪೆಯನ್ನು ಮೊದಲ ಕಸವಾಗಿ ಹಾಕಿದಳು.

ಕುಣಿಯುವ ಶಿವನ ಹದಿನೆಂಟು ಕೈಗಳನ್ನು ಉಮಾಶ್ರೀ ಒಂದೊಂದಾಗಿ ತೋರಿಸಿದಳು. ಯಾವ ಕೈ ಯಾವ ಕೈಯ ಜೊತೆ ಸೇರಿದರೆ ಯಾವ ಭಂಗಿ ಆಗುತ್ತದೆ ಎಂದು ತಾನೇ ಮಾಡಿ ತೋರಿಸಿದಾಗ ಕಲ್ಲು ಕದಲಿದಂತೆ ಅನ್ನಿಸಿತು. ನಾನು ಹಿಂದೆ ಎರಡು ಸಲ ಬಂದವನು. ಎರಡು ಸಲವೂ ಫೋಟೋ ತೆಗೆಸಿಕೊಂಡಿದ್ದೆ, ಶಿವನ ಕಡೆ ಬೆನ್ನು ಮಾಡಿ. ರಾಯವ್ವ ಕೈಗಳನ್ನು ತಾನೊಮ್ಮೆ ಎಣಿಸಿ, ಅದರಲ್ಲಿ ಎರಡು ತನಗೆ ಕೊಟ್ಟಿದ್ದರೆ ಎಮ್ಮೆ ಹಿಂಡಲು ಆಗುತ್ತಿತ್ತು ಅಂದಳು. ಮುಂದೆ ಒಂದು ದೇವಿಯ ಮೂರ್ತಿಯ ಎದುರು ಎಣ್ಣೆಯ ಬಾಟಲಿ ಹೊರಗೆ ಬಂತು.

“ನೋಡವಾ, ತಾಯಿ ಮೈ ಎಷ್ಟ ಒಣಗೇತಿ. ಒಂದ್ ಹನಿ ಹಚ್ಚತೇನಿ, ಯಾರಿಗೂ ಹೇಳಬ್ಯಾಡ.”

ಉಮಾಶ್ರೀ ಅವಳ ಕೈ ಹಿಡಿದು, ಎಣ್ಣೆಗೆ ಧೂಳು ಕೂತು ಕಲ್ಲು ಹಾಳಾಗುತ್ತದೆ, ಸಂಜೆ ಬನಶಂಕರಿಗೆ ಹೋಗೋಣ, ಅಲ್ಲಿ ಪೂಜೆ ಇದೆ, ಮನಸಾರೆ ಉಡಿ ತುಂಬು ಅಂದಳು. ರಾಯವ್ವ ಒಪ್ಪಿದಳು. ಆದರೂ ಹೊರಡುವಾಗ ಮೂರ್ತಿಯ ಕಡೆ ತಿರುಗಿ, ತನ್ನದೇನೂ ತಪ್ಪಿಲ್ಲ, ಹುಡುಗಿ ಬಿಡುತ್ತಿಲ್ಲ ಎಂದು ತಿಳಿಸಿ ಬಂದಳು.

ಮಧ್ಯಾಹ್ನ ಗಿಡದ ನೆರಳಿಗೆ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಕ್ಕಳ ಹತ್ತಿರ ಗರಿಗರಿ ಕಟಿ ರೊಟ್ಟಿ, ಕಾಳುಪಲ್ಲೆ, ಕೆಂಪು ಚಟ್ನಿ, ಸಣ್ಣ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ಶರ್ವರಿ ನಸುಕಿನಲ್ಲೆದ್ದು ಮಾಡಿದ ನಲವತ್ತು ಚಪಾತಿ ಗಾಡಿಯಲ್ಲೇ ಉಳಿದವು. ಊರಿಗೆ ಬಂದವರು ಊರಿನವರ ಕೈ ಊಟ ಮಾಡಬೇಕೆಂಬುದು ಉಮಾಶ್ರೀಯ ಇನ್ನೊಂದು ಕಾನೂನು. ಇದನ್ನು ಮಾತ್ರ ನಾನು ಎರಡೆರಡು ಸಲ ಪಾಲಿಸಿದೆ. ಯಮನಪ್ಪ ಒಂದು ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡಿದ, ತಿನ್ನಲಿಲ್ಲ. ಮುಂದಿನದು ಆ ಗುಡಿ.

ಗುಡಿಯೊಳಗೆ ಉಮಾಶ್ರೀ ಒಂದು ಕಂಬದ ಮೇಲಿನ ಸಣ್ಣ ಹಳೆಯ ಬರಹಕ್ಕೆ ಬ್ಯಾಟರಿ ಬಿಟ್ಟು, ಇದು ಈ ಕಂಬ ಕಡೆದವನ ಹೆಸರು ಅಂದಳು. ಅವನ ಊರು ಯಾವುದೋ, ಮಕ್ಕಳೆಷ್ಟೋ ಏನೂ ಗೊತ್ತಿಲ್ಲ, ಕೈ ಮಾತ್ರ ಉಳಿದಿದೆ. ಯಮನಪ್ಪ ಮುಂದೆ ಬಾಗಿ ಬಹಳ ಹೊತ್ತು ನೋಡಿದ. ಆ ಹೊತ್ತು ಅವನಿಗೆ ತನ್ನ ಭಯವೂ ಮರೆತಿತ್ತು. ಅಕ್ಷರದ ಆಳ, ಸಾಲಿನ ನೇರ, ತಿರುವಿನಲ್ಲಿ ಉಳಿಯನ್ನು ಹೊರಳಿಸಿದ ರೀತಿಯನ್ನು ಗಾಳಿಯಲ್ಲೇ ಬೆರಳಾಡಿಸಿ ಅಳೆದ.

“ಹಂಗಾದ್ರ ಹೆಸರು ಬರದ್ರ ತಪ್ಪಲ್ಲ?” ಎಂದು ಮೆಲ್ಲಗೆ ಕೇಳಿದ.

“ಕಂಬ ಕಡದು ಆಮ್ಯಾಲೆ ಬರದಾನಪ್ಪಾ,” ಅಂದಳು ಮಗಳು.

ಯಮನಪ್ಪ ಕಂಬ ಬಿಟ್ಟು ಸರಿದ. ಎಲ್ಲರಿಗಿಂತ ಮುಂದೆ ಹೋಗಿ ಬಾಗಿಲ ಹಿಂದಿನ ಮೂಲೆ ಸೇರಿದ. ನಾನು ಗೋಣಿಚೀಲದೊಂದಿಗೆ ಹಿಂದೆಯೇ ಹೋದೆ. ಅಲ್ಲಿ ನೋಡಿದರೆ, ಕಾಲ ನಮಗೊಂದು ಉಪಕಾರ ಮಾಡಿತ್ತು. ಗೋಡೆಯ ಆ ಭಾಗ ಪದರ ಪದರವಾಗಿ ಉದುರಿ, ಊರೂ ಹೆಸರೂ ಪೂರಾ ಹೋಗಿದ್ದವು. ಉಳಿದದ್ದು ‘ಇವರಿಂದ ಸಪ್ರೇಮ ಕಾಣಿಕೆ’ ಮತ್ತು ಹೂವು.

“ಹೆಸರು ಹೋಗೇತ್ರಿ,” ಎಂದು ಪಿಸುಗುಟ್ಟಿದ. ಬಿಡುಗಡೆಯ ನಿಟ್ಟುಸಿರೇನೋ ಬಂತು. ಜೊತೆಗೆ, ನಾನು ಅವನ ಪಕ್ಕದ ಅಂಗಡಿಯವನಾದ್ದರಿಂದ ಹೇಳಬಲ್ಲೆ, ಸ್ವಲ್ಪ ಬೇಜಾರೂ ಇತ್ತು. ಆದರೂ ಯಾವುದಕ್ಕೂ ಇರಲಿ ಎಂದು ಗೋಡೆಗೆ ಬೆನ್ನು ಹಚ್ಚಿ ನಿಂತ.

ಅಷ್ಟರಲ್ಲಿ ಮಂದಿ ಬಂದರು. ನಾನು ಮಾತುಕೊಟ್ಟಂತೆ ಅವರನ್ನು ಎದುರಿನ ಕಲ್ಲಿನ ಜಾಲಂಧ್ರದ ಕಿಟಕಿಯ ಕಡೆ ತಿರುಗಿಸಲು ಗಾಳಿ, ಬೆಳಕು ಎಂದು ಏನೋ ಶುರುಮಾಡಿದೆ. ಶರ್ವರಿ, ನೀವು ಸುಮ್ಮನಿರಿ, ಆಕಿ ಹೇಳಲಿಕತ್ತಾಳ ಅಂದಳು. ಮುಗಿಯಿತು ನನ್ನ ಕೆಲಸ. ಬಾಗಿಲಲ್ಲಿದ್ದ ಕಾವಲುಗಾರ ಸೀಟಿ ಊದಿದ. ಉಮಾಶ್ರೀ ತಿರುಗಿ ನೋಡಿ, “ಅಪ್ಪಾ, ಗ್ವಾಡಿಗೆ ಒರಗಬ್ಯಾಡ,” ಅಂದಳು.

ಆ ಹೊತ್ತಿನ ಅವನ ಸಂಕಟ ನೋಡಬೇಕಿತ್ತು. ಒರಗಿದರೆ ಇಂದಿನ ತಪ್ಪು, ಸರಿದರೆ ಅಂದಿನ ತಪ್ಪು. ಮೂವತ್ತಾರು ವರ್ಷ ಕಾನೂನು ಹೇಳಿದ ದೇಹ, ಅದಕ್ಕೆ ಸರಿಯುವುದೇ ರೂಢಿ. ಸರಿಯಿತು. ಉಮಾಶ್ರೀ ಗೋಡೆಗೆ ಬ್ಯಾಟರಿ ಬಿಟ್ಟು, ನೋಡಿರಿ, ಮಂದಿ ಹೀಗೆ ಹೆಸರು ಗೀಚಿ ಹಾಳು ಮಾಡುತ್ತಾರೆ, ಎಂದು ಹೇಳಲು ಬಾಯಿ ತೆರೆದಳು. ಅದಕ್ಕೆ ಮೊದಲೇ ರಾಯವ್ವ ಕನ್ನಡಕ ಏರಿಸಿಕೊಂಡಳು.

“ಅಯ್ಯ, ಇದು ನಮ್ಮನಿ ಹಂಡೇದ ಮ್ಯಾಲಿನ ಹೂವು.”

ಶರ್ವರಿ ಬಾಗಿದಳು. ತಮ್ಮ ಕೊಡದ ಮೇಲೂ ಇದೇ ಹೂವು, ಎಲೆಯೂ ಎರಡೇ ಅಂದಳು. ಉಳಿದ ಹೆಂಗಸರೂ ಬಂದರು. ಒಬ್ಬಳ ಪರಾತ, ಒಬ್ಬಳ ಬೋಗುಣಿ, ಇನ್ನೊಬ್ಬಳ ಅತ್ತೆಯ ತಂಬಿಗೆ, ಐದು ಅಡುಗೆಮನೆಯ ಸಾಕ್ಷಿ ನಿಂತ ನಿಂತಲ್ಲೇ ಬಿತ್ತು. ನಾವು ಗಂಡಸರು ಯಾರೂ ಗುರುತು ಹಿಡಿದಿರಲಿಲ್ಲ. ಭಾಂಡೆಯ ಹೊರಗಿನ ಭಾಗವನ್ನು ನಾವು ನೋಡಿದ್ದೇ ಇಲ್ಲ.

ನಾನು ಕೊನೆಯ ಪ್ರಯತ್ನ ಮಾಡಿದೆ. ಇದು ಹಳೆಯ ಕಾಲದ ಶಿಲ್ಪಿಯ ಹೂವೇ ಇರಬೇಕು, ಯಮನಪ್ಪ ಚಿಕ್ಕಂದಿನಲ್ಲಿ ಇದನ್ನು ನೋಡಿ ಕಲಿತಿರಬೇಕು ಅಂದೆ. ಹೇಳಿದ ಮೇಲೆ ನನಗೇ ಅದು ಚೆನ್ನಾಗಿದೆ ಅನ್ನಿಸಿತು. ಎಲ್ಲರೂ ಹೂಂ ಅಂದರು. ಉಮಾಶ್ರೀ ಮಾತ್ರ ಗೋಡೆ ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಹೂಂ ಅನ್ನು ಎಂಬಂತೆ. ಹೆಸರು ಅಲ್ಲಿರಲಿಲ್ಲ. ಒಂದು ಹೂಂ ಸಾಕಿತ್ತು.

ಯಮನಪ್ಪ ಆ ಕಂಬದ ಕಡೆ ಒಮ್ಮೆ ನೋಡಿದ. “ಅಲ್ಲವಾ,” ಅಂದ. “ನಂದಽ ಅದು. ನಿಮ್ಮಪ್ಪಂದು.”

ರಾಯವ್ವ ಕನ್ನಡಕ ಸರಿಪಡಿಸಿಕೊಂಡು ಗೋಡೆಯನ್ನು ಇನ್ನೊಮ್ಮೆ ಓದಿದಳು.

“ಅಲ್ಲೋ ಯಮನ್ಯಾ, ಕಾಣಿಕಿ ಅಂತ ಬರದೀದಿ. ಗುಡಿ ಯಾರಿಗ್ ಕೊಟ್ಟಿ?”

ಎಲ್ಲರೂ ನಕ್ಕರು, ಕಾವಲುಗಾರ ಸಹ. ಉಮಾಶ್ರೀ ನಗಲಿಲ್ಲ. ನನ್ನ ಹೆಗಲಿನಿಂದ ಗೋಣಿಚೀಲ ತೆಗೆದು ಅಪ್ಪನ ಮುಂದೆ ಹಿಡಿದಳು. ಅವನು ಪ್ರಸಾದ ತೆಗೆದುಕೊಳ್ಳುವಂತೆ ಎರಡೂ ಕೈಯಿಂದ ತೆಗೆದುಕೊಂಡ.

ಅದನ್ನು ನೋಡಿ ನನ್ನ ಕೈ ಕಿಸೆಗೆ ಹೋಯಿತು. ಈ ಗುಡಿಯ ಅಂಗಳದಲ್ಲೇ ಅರ್ಧ ತಾಸಿನ ಹಿಂದೆ, ಝೆರಾಕ್ಸ್ ಹಾಳೆಗಳು ಹಾರದಂತೆ ಇಡಲು ಒಳ್ಳೆಯದೆಂದು, ಅಂಗೈಯಗಲದ ಒಂದು ಕೆಂಪು ಕಲ್ಲನ್ನು ನಾನು ಕಿಸೆಗೆ ಸೇರಿಸಿದ್ದೆ. ತೆಗೆದು ಉಮಾಶ್ರೀಯ ಕೈಗಿಟ್ಟೆ. ಇದು ಎಲ್ಲಿಂದ ಅಂದಳು. ತೋರಿಸಿದೆ. ಶರ್ವರಿ, ಪ್ಯಾಂಟು ಒಂದು ಕಡೆ ಜೋತು ಬಿದ್ದಾಗಲೇ ತನಗೆ ಗೊತ್ತಾಗಿತ್ತು ಅಂದಳು. ಕಲ್ಲನ್ನು ಇದ್ದಲ್ಲೇ ಇಡಿಸಿದರು. ಆಮೇಲೆ ಗೋಣಿಚೀಲದ ಒಂದು ಕಿವಿ ಯಮನಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬನಶಂಕರಿಯಲ್ಲಿ ರಾಯವ್ವ ಬೆಳಗಿನ ದೇವಿಯ ಪಾಲನ್ನೂ ಸೇರಿಸಿ ಎರಡು ಸಲ ಉಡಿ ತುಂಬುವವರೆಗೂ ನಾವಿಬ್ಬರು ಹಾಗೆಯೇ ಹಿಡಿದುಕೊಂಡು ನಿಂತಿದ್ದೆವು.

ಬೀಳ್ಕೊಡುವಾಗ ಉಮಾಶ್ರೀ ಎಲ್ಲರ ಜೊತೆ ಮಾತಾಡಿದಳು, ಅಪ್ಪ ಇಷ್ಟು ವರ್ಷ ಯಾಕೆ ಬರಲಿಲ್ಲವೆಂಬ ಕತೆಯನ್ನು ನನ್ನಿಂದ ಕೇಳಿ ತಿಳಿದಳು. ಅಪ್ಪನಿಗೆ, “ದಾರ್ಯಾಗ ಉಂಡು ಹೋಗ್ರಿ,” ಅಂದಳು, ಅಷ್ಟೇ. ಯಾವಾಗಲೂ ನೀ ಅನ್ನುವವಳು ‘ರಿ’ ಹಚ್ಚಿದ್ದನ್ನು ಅವನು ಯರಗಟ್ಟಿಯವರೆಗೆ ನನಗೆ ನಾಲ್ಕು ಸಲ ಹೇಳಿದ. ಶರ್ವರಿಯ ನಲವತ್ತು ಚಪಾತಿ ರಾಮದುರ್ಗದ ಹೊರಗೆ ಖರ್ಚಾದವು. ಯಮನಪ್ಪ ಒಂದನ್ನೂ ಮುಟ್ಟಲಿಲ್ಲ.

ಎಂಟು ದಿನ ಫೋನ್ ಬರಲಿಲ್ಲ. ಎಂಟು ದಿನ ಯಮನಪ್ಪ ಹೂವು ಬಿಡಿಸಲಿಲ್ಲ. ‘ಕಾಣಿಕೆ’ ಮುಗಿದ ಕೂಡಲೇ ಮಷಿನ್ ಬಂದ್. ಒಬ್ಬ ಗಿರಾಕಿ, ಬೀಗರಿಗೆ ಇದು ಬೈಲಹೊಂಗಲದ ಭಾಂಡೆ ಎಂದು ನಂಬಿಕೆ ಬರುವುದಿಲ್ಲ ಎಂದು ಜಗಳ ತೆಗೆದ. ಆದರೂ ಬಿಡಿಸಲಿಲ್ಲ.

ಒಂಬತ್ತನೆಯ ದಿನ ಸುನೀಲ ಎಂಬ ಸಾಲಿಯ ಮಾಸ್ತರು ನನ್ನಲ್ಲಿಗೆ ಬಂದರು. ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿ ಬಂದಿದ್ದರು, ಅದರ ವರದಿಗೆ ಮೂರು ನಕಲು ಬೇಕಿತ್ತು. ನಕಲು ಬರುವವರೆಗೆ ಅಲ್ಲಿನ ಗೈಡ್ ಹುಡುಗಿಯ ಮಾತು ತೆಗೆದರು. ಆಕೆ ಒಂದು ಕತ್ತಲೆಯ ಮೂಲೆಗೆ ಮಕ್ಕಳನ್ನು ಒಯ್ದು ಬ್ಯಾಟರಿ ಬಿಟ್ಟು, ಇದು ನಮ್ಮಪ್ಪ ಕೊರೆದದ್ದು ಅಂದಳಂತೆ. ನಾಚಿಕೆಯಿಂದ ಮೂವತ್ತಾರು ವರ್ಷ ಈ ಕಡೆ ಬಂದಿರಲಿಲ್ಲ, ಬಂದ ದಿನ ಹೆಸರು ಅಳಿಸಿತ್ತು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೂ ಎಲ್ಲರ ಮುಂದೆ ನನ್ನದೇ ಅಂದ, ಎಂದಳಂತೆ. ಇಬ್ಬರು ಹುಡುಗರು ಕಿಸೆಯಲ್ಲಿದ್ದ ಮೊಳೆಯನ್ನು ತಂದು ಮಾಸ್ತರರಿಗೆ ಒಪ್ಪಿಸಿದರಂತೆ.

ಪಕ್ಕದ ಅಂಗಡಿಯಲ್ಲಿ ಮಷಿನ್ ಸಪ್ಪಳ ಯಾವಾಗಲೋ ನಿಂತಿತ್ತು. ಯಮನಪ್ಪ ಬಂದು ಬಾಗಿಲಲ್ಲಿ ನಿಂತ.

“ಅಕ್ಷರದ ಸುದ್ದಿ ಏನರ ಅಂದ್ಲೇನ್ರಿ ಮಾಸ್ತರ?”

ಮಾಸ್ತರರಿಗೆ ಇವನು ಯಾರೆಂದು ಗೊತ್ತಿರಲಿಲ್ಲ. ನೆನಪು ಮಾಡಿಕೊಂಡು, “ಅಕ್ಷರ ಭಾಳ ಚಂದ ಅದಾವ, ಅದಕ್ಕಽ ಇನ್ನೂ ಸಿಟ್ಟು ಬರತೈತಿ ಅಂದ್ಲು ನೋಡ್ರಿ,” ಅಂದರು.

ಯಮನಪ್ಪ ಎರಡು ಸಲ ತಲೆ ಅಲ್ಲಾಡಿಸಿ ತನ್ನ ಕಟ್ಟೆಗೆ ಹೋದ. ಸ್ವಲ್ಪ ಹೊತ್ತಿಗೆ ಮಷಿನ್ ಗುರ್ರ್ ಅಂದಿತು. ನಾನು ಇಣುಕಿ ನೋಡಿದೆ. ಸುರೇಬಾನದ ಯಾರದೋ ಮದುವೆಯ ತಂಬಿಗೆ. ‘ಕಾಣಿಕೆ’ಯ ಮುಂದೆ ಹೂವು ಬಂದಿತ್ತು. ಎಲೆ ಈ ಸಲ ಮೂರು.